ಜಿಂಕೆಯ ಕೂದಲೆಲ್ಲಿ?

ಯಾರನ್ನೂ ನಂಬದೆ ಇರುವುದಕ್ಕೆ ವರ್ನನ್ ಸ್ಟ್ರೋಬೆಲ್‌ಗೆ ಸಂಬಳ ಬರುತ್ತಿತ್ತು. ನೆಬ್ರಾಸ್ಕಾದ ಆ ಮೆಕ್ಕೆಜೋಳದ ಸೀಮೆಯಲ್ಲಿ ಯಾರ ಕಾರಿಗೆ ಏನೇ ಆಗಲಿ, ವಿಮಾ ಕಂಪನಿಯವರು ಮೊದಲು ಕಳಿಸುತ್ತಿದ್ದುದು ಇವನನ್ನೇ. ಇವನು ಹೋಗಿ ನೆಗ್ಗಿದ ಜಾಗದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೆರಳಿನಿಂದ ತಟ್ಟಿ, ಟಾರ್ಚು ಹಾಕಿ, ಮೂಸಿಯೂ ನೋಡಿ, ಕೊನೆಗೆ ತಲೆಯೆತ್ತಿ ಕಾರಿನ ಯಜಮಾನನ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದ. ಆ ನೋಟಕ್ಕೇ ಅರ್ಧ ಜನ ಬೆವರಿ, ಕೇಳದಿದ್ದುದನ್ನೆಲ್ಲ ಒಪ್ಪಿಕೊಂಡುಬಿಡುತ್ತಿದ್ದರು.

ಇನ್ನರ್ಧ ಜನ ಜಿಂಕೆಯ ಹೆಸರು ಹೇಳುತ್ತಿದ್ದರು. ಆ ಜಿಲ್ಲೆಯಲ್ಲಿ ಯಾರೂ ಯಾವತ್ತೂ ಗೇಟಿಗೆ, ಕಂಬಕ್ಕೆ, ಮಾವನ ಟ್ರ್ಯಾಕ್ಟರಿಗೆ ಗುದ್ದಿದವರಲ್ಲ. ಎಲ್ಲರಿಗೂ ಅಡ್ಡ ಬಂದದ್ದು ಜಿಂಕೆಯೇ. ಕಂಬಕ್ಕೆ ಗುದ್ದಿದರೆ ತಪ್ಪು ಓಡಿಸಿದವನದು. ಜಿಂಕೆ ಅಡ್ಡ ಬಂದರೆ ತಪ್ಪು ಜಿಂಕೆಯದು, ಖರ್ಚು ಕಂಪನಿಯದು. ಇಷ್ಟು ಕಾನೂನು ಅಲ್ಲಿಯ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿತ್ತು.

"ಜಿಂಕೆನಾ?" ಎನ್ನುತ್ತಿದ್ದ ವರ್ನನ್. "ಸರಿ. ಕೂದಲೆಲ್ಲಿ?"

ಜಿಂಕೆಗೆ ಗುದ್ದಿದ ಕಾರಿನ ದೀಪದ ಸಂದಿನಲ್ಲೋ ಬಂಪರಿನ ಅಂಚಿನಲ್ಲೋ ಒಂದಾದರೂ ಕೂದಲು ಸಿಕ್ಕೇ ಸಿಗುತ್ತದೆ. ಅದನ್ನು ಎತ್ತಿಕೊಳ್ಳಲು ಚಿಮಟ, ಹಾಕಿಕೊಳ್ಳಲು ಪುಟ್ಟ ಪ್ಲಾಸ್ಟಿಕ್ ಚೀಲ ಅವನ ಬಳಿ ಸದಾ ಇರುತ್ತಿದ್ದವು. ಕೂದಲಿಲ್ಲದಿದ್ದರೆ ಕ್ಲೇಮಿಲ್ಲ. ಕಳೆದ ನವೆಂಬರಿನಲ್ಲಿ ಪಕ್ಕದ ಊರಿನ ಡಾರ್ಲಾ ವೊಬೊರಿಲ್ ಎಂಬ ಶಾಲಾ ಬಸ್ಸಿನ ಚಾಲಕಿಯ ಕಾರಿನ ಎಡಗಡೆಯ ದೀಪ ಒಡೆದಿತ್ತು. ಆಕೆಯೂ ಜಿಂಕೆ ಎಂದಳು. ವರ್ನನ್ ಹುಡುಕಿದ, ಕೂದಲಿರಲಿಲ್ಲ, ಕ್ಲೇಮು ಬಿತ್ತು. ಆಕೆ ಸೊಂಟದ ಮೇಲೆ ಕೈಯಿಟ್ಟು, "ಆಯ್ತು ಸ್ವಾಮಿ. ಒಂದಲ್ಲ ಒಂದಿನ ನಿಮ್ಮ ಮುಂದೆನೂ ಒಂದು ಜಿಂಕೆ ಬರುತ್ತೆ. ಆಗ ನಿಮ್ಮನ್ನ ಯಾರು ನಂಬ್ತಾರೋ ನಾನೂ ನೋಡ್ತೀನಿ," ಎಂದಿದ್ದಳು.

ವರ್ನನ್ ಶಾಪವನ್ನೂ ನಂಬುವವನಲ್ಲ.

ಇಂಥ ಮಹಾಶಯ ಐವತ್ತೆರಡನೆಯ ವಯಸ್ಸಿನಲ್ಲಿ, ಮಾರುವವನ ಬಾಯಿಮಾತಿನ ಮೇಲೆ, ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡ ಎಂದರೆ ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡದ್ದರಲ್ಲಿ ತಪ್ಪಿಲ್ಲ. ಪ್ರೆಂಟಿಸ್ ಎಂಬ ಹಲ್ಲಿನ ಡಾಕ್ಟರು ಅದನ್ನು ಮನೆ ಮುಂದಿನ ಹುಲ್ಲಿನ ಮೇಲೆ ಮಾರಾಟಕ್ಕೆ ನಿಲ್ಲಿಸಿದ್ದರು. ಕೆಂಪು ಬಣ್ಣ, ಎರಡೇ ಸೀಟು, ಮಡಚುವ ಛಾವಣಿ. ವರ್ನನ್ ಸುಮ್ಮನೆ ಕುಳಿತು ನೋಡಿದ. ಕೀಲಿ ತಿರುಗಿಸಿದ. ಇಂಜಿನ್ನು ಗುರ್ ಎಂದದ್ದು ಅವನ ಬೆನ್ನುಹುರಿಯಲ್ಲಿ ಹಾದುಹೋಯಿತು. ಆ ಕ್ಷಣದಲ್ಲಿ ಅವನು ಟಾರ್ಚನ್ನು ಮರೆತ, ಚಿಮಟವನ್ನು ಮರೆತ, ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಬೆನ್ನು ನೋವು, ಅದಕ್ಕೇ ಕೊಡ್ತಾ ಇದೀನಿ," ಎಂದು ಡಾಕ್ಟರು ಹಲ್ಲು ಕಿರಿದರು. "ಇದನ್ನ ಹಾಲು ತರೋಕೆ ಇಟ್ಕೋಬೇಡಿ ಮತ್ತೆ. ತಿಂಗಳಿಗೊಂದು ಭಾನುವಾರ ಹಳೇ ವಿಮಾನ ನಿಲ್ದಾಣದ ಮೈದಾನದಲ್ಲಿ ಆಟೋಕ್ರಾಸ್ ನಡೆಯುತ್ತೆ. ಕೋನ್‌ಗಳನ್ನಿಟ್ಟು ದಾರಿ ಮಾಡಿರ್ತಾರೆ, ಒಬ್ಬೊಬ್ಬರೇ ಓಡಿಸೋದು, ಜಗಳ ಏನಿದ್ರೂ ಗಡಿಯಾರದ ಜೊತೆ. ಹೋಗಿ ಅಲ್ಲಿಗೆ. ಈ ಕಾರು ಅಲ್ಲಿ ಎಲ್ಲರಿಗೂ ಗೊತ್ತು."

ಮನೆಗೆ ಬರುವ ದಾರಿಯಲ್ಲಿ ಮೊದಲ ಕೆಂಪು ದೀಪಕ್ಕೆ ಕಾರು ನಿಂತಿತು, ವರ್ನನ್‌ನ ತಲೆ ಓಡಿತು. ಎಲ್ಲರಿಗೂ ಗೊತ್ತು? ಏನು ಗೊತ್ತು? ಡಾಕ್ಟರು ಅಷ್ಟು ನಕ್ಕದ್ದೇಕೆ?

ಮನೆಯ ಮುಂದೆ ಕಾರು ನಿಂತಾಗ ಹೆಂಡತಿ ಮಾರ್ಲಿಸ್ ಮೆಟ್ಟಿಲ ಮೇಲಿದ್ದಳು. ಕಾರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಹೆಸರೇನು ಅವಳದು?" ಎಂದಳು.

"ಯಾರದು?"

"ಐವತ್ತೆರಡಕ್ಕೆ ಕೆಂಪು ಕಾರು. ನನ್ನ ಸೊಂಟ ಈ ಸೀಟಿಗೆ ಹಿಡಿಸಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಹಾಗಿದ್ರೆ ಎರಡನೇ ಸೀಟು ಯಾರಿಗೆ?"

"ಮಾರ್ಲಿಸ್! ನನ್ನ ಮೇಲೇ ಅನುಮಾನಾನಾ?"

"ಇಪ್ಪತ್ತಾರು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಲ್ಲ. ಅಂಟಿಕೊಂಡಿದೆ."

ಇದು ಸಾಲದೆಂಬಂತೆ ಬೇಲಿಯ ಆಚೆಯಿಂದ ಪಕ್ಕದ ಮನೆ ಕ್ಲೀಟಸ್‌ನ ಟೋಪಿ ಮೇಲೆದ್ದಿತು. ಹೋದ ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಕಾರಿನ ನೆತ್ತಿ ನೆಗ್ಗಿತೆಂದು ಕ್ಲೀಟಸ್ ಕ್ಲೇಮು ಹಾಕಿದ್ದ. ವರ್ನನ್ ಬಂದು ಅಳೆದು, ಆಕಾಶದಿಂದ ಬೀಳುವ ಆಲಿಕಲ್ಲುಗಳೆಲ್ಲ ಒಂದೇ ಗಾತ್ರದ್ದಾಗಿರುವುದಿಲ್ಲ, ಗಾಲ್ಫ್ ಚೆಂಡುಗಳು ಮಾತ್ರ ಹಾಗಿರುತ್ತವೆ ಎಂದು ಬರೆದುಬಿಟ್ಟಿದ್ದ. ಅಂದಿನಿಂದ ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡಿಕೊಳ್ಳುತ್ತಿದ್ದರು.

"ಏನಯ್ಯಾ ವರ್ನ್, ರೇಸಿಗೆ ಹೋಗ್ತೀಯೇನು?"

ವರ್ನನ್ ಇಲ್ಲ ಎನ್ನಬಹುದಿತ್ತು. ಆದರೆ ಹೆಂಡತಿ ನೋಡುತ್ತಿದ್ದಳು. "ಹೋಗ್ತೀನಿ. ಹುಡುಗನಾಗಿದ್ದಾಗ ಜೋರಾಗಿ ಓಡಿಸ್ತಿದ್ದೆ. ಕೈಗೆ ಮರೆತಿರಲ್ಲ," ಎಂದ. ಹುಡುಗನಾಗಿದ್ದಾಗ ಅವನು ಓಡಿಸಿದ್ದು ಚಿಕ್ಕಪ್ಪನ ಹುಲ್ಲು ಕತ್ತರಿಸುವ ಗಾಡಿಯನ್ನು. ಅದನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. "ಭಾನುವಾರ ಸಂಜೆ ನನ್ನ ಟೈಮು ಎಷ್ಟು ಅಂತ ಹೇಳ್ತೀನಿ, ಇಲ್ಲೇ ನಿಂತಿರು."

"ಬಾಯಿಮಾತು ಬೇಡಪ್ಪ. ಬಾಯಿಮಾತು ನಂಬಬಾರದು ಅಂತ ನೀನೇ ಕಲಿಸಿದ್ದು. ಕ್ಲಬ್ಬಿನವರು ಎಲ್ಲರ ಟೈಮನ್ನೂ ಇಂಟರ್ನೆಟ್ಟಲ್ಲಿ ಹಾಕ್ತಾರೆ. ನಿನ್ನ ಹೆಸರಿನ ಮುಂದೆ ಒಂದು ಟೈಮು ಇದ್ರೆ ಸಾಕು, ಎಷ್ಟೇ ಇರಲಿ, ಟೋಪಿ ತೆಗೆದು ಸಲಾಮು ಹೊಡೀತೀನಿ. ಇಲ್ಲದೇ ಹೋದ್ರೆ, ನನ್ನ ಕಾರಿನ ಮೇಲೆ ಬಿದ್ದಿದ್ದು ಆಲಿಕಲ್ಲೇ ಅಂತ ಬೀದಿಯಲ್ಲಿ ನಿಂತು ಹೇಳಬೇಕು. ಏನಂತೀಯ?"

"ಆಗಲಿ," ಎಂದ ವರ್ನನ್. ಆಲಿಕಲ್ಲು ಎಂಬ ಆ ಒಂದು ಪದ ತನ್ನ ಬಾಯಿಂದ ಬರುವುದಕ್ಕಿಂತ ನಾಲಿಗೆ ಬಿದ್ದುಹೋದರೂ ಚಿಂತೆಯಿಲ್ಲ ಎನಿಸಿತು ಅವನಿಗೆ. ಉದ್ಯೋಗದ ಮಾನವೇ ಅದರಲ್ಲಿತ್ತು.

ಆ ವಾರವೆಲ್ಲ ಅವನು ಅಯಸ್ಕಾಂತ ಹಿಡಿದು ಕೆಂಪು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ನೆಗ್ಗಿದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಕಚ್ಚುವುದಿಲ್ಲ. ಎಲ್ಲ ಕಡೆಯೂ ಕಚ್ಚಿತು. ಕೆಳಗೆ ಮಲಗಿ ನೋಡಿದ, ಸೀಟು ಎತ್ತಿ ನೋಡಿದ. ಏನೂ ಸಿಗಲಿಲ್ಲ. ಏನೂ ಸಿಗದಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಎಂದರೆ ಅದು ಸಣ್ಣ ವಿಷಯವಲ್ಲ ಎಂದುಕೊಂಡು ಅವನು ಇನ್ನಷ್ಟು ಕಂಗಾಲಾದ. ಆ ಮೈದಾನದ ಜನಕ್ಕೆ ಎಲ್ಲ ಗೊತ್ತಂತೆ. ಅವರ ಬಾಯಿಂದಲೇ ಹೊರಡಿಸಬೇಕು.

ಭಾನುವಾರ ಬೆಳಿಗ್ಗೆ ಹಳೇ ವಿಮಾನ ನಿಲ್ದಾಣದ ಮೈದಾನಕ್ಕೆ ಹೋದಾಗ ಬಿರುಕು ಬಿಟ್ಟ ಕಾಂಕ್ರೀಟಿನ ಮೇಲೆ ಕಿತ್ತಳೆ ಬಣ್ಣದ ಕೋನ್‌ಗಳು ಕಣ್ಣು ಹಾಯುವವರೆಗೂ ನಿಂತಿದ್ದವು. ಮೈದಾನದ ಆ ತುದಿಯಲ್ಲಿ ಹಿಂದೆ ವಿಮಾನ ನಿಲ್ಲಿಸುತ್ತಿದ್ದ ಒಂದು ಪಾಳುಬಿದ್ದ ಹ್ಯಾಂಗರು, ಅದರ ಹಿಂದೆಯೇ ಕಟಾವಿಗೆ ಬಂದ ಮೆಕ್ಕೆಜೋಳ. ಹೊಲದಲ್ಲಿ ಯಾರೋ ಕಟಾವು ಯಂತ್ರ ಓಡಿಸುತ್ತಿದ್ದರು.

ಕಾರುಗಳನ್ನು ಪರೀಕ್ಷಿಸುತ್ತಿದ್ದವನು ಲೆಸ್ಟರ್ ಕಾಪ್. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಕಲಿಸಿ ನಿವೃತ್ತನಾದವನು, ಹಾಗಾಗಿ ಈ ಭೂಮಿಯ ಮೇಲೆ ಅವನನ್ನು ಹೆದರಿಸುವಂಥದ್ದು ಏನೂ ಉಳಿದಿರಲಿಲ್ಲ.

"ಮೊದಲ ಸಲಾನಾ? ಬನ್ನಿ ಬನ್ನಿ. ಕಾರಿನಲ್ಲಿರೋದೆಲ್ಲ ಆಚೆ ತೆಗೀರಿ. ಚಾಪೆ, ಪೆನ್ನು, ಡಿಕ್ಕಿಯಲ್ಲಿರೋದು, ಎಲ್ಲ. ತಿರುವಿನಲ್ಲಿ ಒಂದು ಪೆನ್ಸಿಲ್ ಉರುಳಿ ಬ್ರೇಕಿನ ಕೆಳಗೆ ಹೋದ್ರೂ ಕತೆ ಮುಗೀತು," ಎಂದು ಲೆಸ್ಟರ್ ನೆಲಕ್ಕೆ ಒಂದು ಟಾರ್ಪಾಲಿನ ತುಂಡು ಹಾಸಿಕೊಟ್ಟ.

ಅದು ಅಲ್ಲಿಯ ಪದ್ಧತಿ. ಪ್ರತಿ ಕಾರಿನ ಪಕ್ಕದಲ್ಲೂ ಅದರ ಹೊಟ್ಟೆಯೊಳಗಿನ ಸಂಸಾರವೆಲ್ಲ ಬಯಲಾಗಿ ಬಿದ್ದಿತ್ತು. ಒಬ್ಬನದು ಮಗುವಿನ ಸೀಟು, ಇನ್ನೊಬ್ಬನದು ಹೋದ ವರ್ಷ ಕೊಡಲು ಮರೆತ ಕ್ರಿಸ್‌ಮಸ್ ಉಡುಗೊರೆ. ವರ್ನನ್ ತನ್ನದನ್ನು ಒಂದೊಂದಾಗಿ ತೆಗೆದಿಟ್ಟ. ಟಾರ್ಚು. ಅಯಸ್ಕಾಂತ. ಅಳತೆಯ ಟೇಪು. ಕ್ಯಾಮೆರಾ. ಚಿಮಟ. ಪುಟ್ಟ ಪ್ಲಾಸ್ಟಿಕ್ ಚೀಲಗಳು. ಕೊನೆಗೆ, ಬೆನ್ನ ಮೇಲೆ ವಿಮಾ ಕಂಪನಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಹೊಲಿದಿದ್ದ ಜಾಕೆಟ್ಟು.

ಅಕ್ಕಪಕ್ಕದ ಮಾತು ನಿಂತಿತು.

"ನೀವು ಅವರೇ ಅಲ್ವಾ?" ಎಂದ ಲೆಸ್ಟರ್ ಮೆಲ್ಲಗೆ. "ಕೂದಲಿನವರು?"

"ಹೌದು. ಆದ್ರೆ ಇವತ್ತು ಕೆಲಸದ ಮೇಲೆ ಬಂದಿಲ್ಲ."

ಈ ಮಾತನ್ನು ಪ್ರಪಂಚದಲ್ಲಿ ಯಾರು ಹೇಳಿದರೂ ಯಾರೂ ನಂಬಿದ ದಾಖಲೆಯಿಲ್ಲ. ವರ್ನನ್ ತಾನಾಗಿದ್ದರೂ ನಂಬುತ್ತಿರಲಿಲ್ಲ. ವಿಮೆಯ ಕಾಗದದಲ್ಲಿ, ಸ್ಪರ್ಧೆಯಲ್ಲಿ ಓಡಿಸಿ ಕಾರಿಗೆ ಏನಾದರೂ ಆದರೆ ಕಂಪನಿ ಜವಾಬ್ದಾರಿಯಲ್ಲ ಎಂದಿದೆ. ಅದನ್ನು ಬೇರೆ ಯಾರೂ ಓದದಿದ್ದರೂ ಈ ಮೈದಾನಕ್ಕೆ ಬರುವವರು ಓದಿರುತ್ತಾರೆ.

ಸುದ್ದಿ ಹಬ್ಬಲು ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕಂಪನಿ ಗೂಢಚಾರನನ್ನು ಕಳಿಸಿದೆ, ಹೊಸಬನ ವೇಷದಲ್ಲಿ ಬಂದಿದ್ದಾನೆ, ಕ್ಯಾಮೆರಾ ಇದೆ, ಚಿಮಟವೂ ಇದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮಡ್‌ಗಾರ್ಡು ಮುಟ್ಟಿ ನೋಡಿಕೊಂಡರು. ಒಬ್ಬ ತನ್ನ ಕಾರನ್ನು ನೆಗ್ಗಿದ ಮಗ್ಗುಲು ಬೇಲಿಗೆ ಬರುವಂತೆ ತಿರುಗಿಸಿ ನಿಲ್ಲಿಸಿದ. ಇನ್ನೊಬ್ಬ ಬಾನೆಟ್ಟಿನ ಮೇಲೆ ಕಂಬಳಿ ಹೊದಿಸಿ, "ಪಾಪ, ಚಳಿ," ಎಂದ. ಇಬ್ಬರು ಅಣ್ಣತಮ್ಮಂದಿರು ಅತ್ತೆಗೆ ಹುಷಾರಿಲ್ಲ ಎಂದು ಹೇಳಿ ಮನೆಗೇ ಹೊರಟುಹೋದರು. ಇಬ್ಬರ ಅತ್ತೆಯರಿಗೂ ಒಂದೇ ಸಮಯಕ್ಕೆ ಹುಷಾರು ತಪ್ಪಿತ್ತು.

ಇತ್ತ ವರ್ನನ್ ಇದೆಲ್ಲವನ್ನೂ ನೋಡುತ್ತಿದ್ದ. ಕಾರು ಕಂಡ ಕೂಡಲೇ ಮಾತು ನಿಲ್ಲುತ್ತದೆ. ಜನ ದೂರ ಸರಿಯುತ್ತಾರೆ. ಅವನ ಅನುಮಾನ ಗಟ್ಟಿಯಾಯಿತು. ಈ ಕಾರಿಗೆ ಏನೋ ಆಗಿದೆ, ಇವರಿಗೆಲ್ಲ ಗೊತ್ತಿದೆ, ಮುಖ ನೋಡಿ ಹೇಳಲಾರದೆ ಸಂಕಟಪಡುತ್ತಿದ್ದಾರೆ.

ಬಾಗಿಲುಗಳ ಮೇಲೆ ನಂಬರು ಬೇಕಂತೆ. ಗೋಡೆಗೆ ಬಣ್ಣ ಹೊಡೆಯುವಾಗ ಅಂಚಿಗೆ ಹಚ್ಚುವ ನೀಲಿ ಟೇಪು ಕೊಟ್ಟರು. ವರ್ನನ್ ಅದರಲ್ಲಿ ಎರಡೂ ಕಡೆ ಎಪ್ಪತ್ತೊಂದು ಎಂದು ಅಂಟಿಸಿದ. ಬಲಬಾಗಿಲಿನ, ಅಂದರೆ ಪಕ್ಕದ ಸೀಟಿನ ಕಡೆಯ, ಏಳರ ಬಾಲ ಸರಿಯಾಗಿ ಕೂರದೆ, ಅಂಟಿನ ಮೈ ಹೊರಗೆ ಮಾಡಿಕೊಂಡು ಗಾಳಿಗೆ ಆಡುತ್ತಿತ್ತು. ಇರಲಿ ಎಂದುಕೊಂಡ.

ಹೊಸಬರ ಪಕ್ಕದಲ್ಲಿ ಅನುಭವಸ್ಥರೊಬ್ಬರು ಕೂರಬೇಕೆಂಬ ನಿಯಮವಿತ್ತು. ಚೀಟಿ ಎತ್ತಿ, ಗ್ರಾಂಟ್ ಎಂಬ ಔಷಧದಂಗಡಿಯವನನ್ನು ಮುಂದಕ್ಕೆ ತಳ್ಳಿದರು. ಗ್ರಾಂಟ್ ಹೆಲ್ಮೆಟ್ಟನ್ನು ಮನೆಯಿಂದಲೇ ಹಾಕಿಕೊಂಡು ಬಂದವನಂತೆ ಕುಳಿತ.

"ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು," ಎಂದ ವರ್ನನ್, ಅಭ್ಯಾಸಬಲದಿಂದ ಅವನ ಮುಖವನ್ನೇ ನೋಡುತ್ತ. "ಈ ಕಾರಿಗೆ ಏನಾಗಿದೆ?"

"ಏನೂ ಆಗಿಲ್ಲ ಸಾರ್!"

"ಯಾರೂ ಎಲ್ಲೂ ಗುದ್ದಿಲ್ವಾ?"

"ಯಾರೂ ಎಲ್ಲೂ ಯಾವತ್ತೂ ಗುದ್ದಿಲ್ಲ ಸಾರ್! ಇಲ್ಲಿರೋ ಯಾವ ಕಾರಿಗೂ ಏನೂ ಆಗಿಲ್ಲ! ನನ್ನ ಗ್ಯಾರೇಜಿನ ಬಾಗಿಲು ಮೊದಲಿಂದ್ಲೂ ಹಾಗೇ ಸೊಟ್ಟಗೆ ಇತ್ತು!"

"ಗ್ಯಾರೇಜಿನ ಬಾಗಿಲ ವಿಷಯ ನಾನು ಕೇಳಲಿಲ್ಲವಲ್ಲ," ಎಂದ ವರ್ನನ್ ಅಚ್ಚರಿಯಿಂದ. ಗ್ರಾಂಟ್ ಹೆಲ್ಮೆಟ್ಟಿನ ಮುಖವಾಡವನ್ನು ಕೆಳಗೆಳೆದುಕೊಂಡ.

ಹಸಿರು ಬಾವುಟ ಬಿತ್ತು. ಕಾರು ಚಿಮ್ಮಿತು. ಬೆಳಿಗ್ಗೆ ಕಾಲ್ನಡಿಗೆಯಲ್ಲಿ ನೋಡಿದಾಗ ದಾರಿಯಂತೆ ಕಂಡದ್ದು ಈಗ ಬರೀ ಕೋನ್‌ಗಳ ಸಂತೆಯಾಗಿತ್ತು. ಎಡಕ್ಕೂ ಕೋನ್, ಬಲಕ್ಕೂ ಕೋನ್. "ಎಲ್ಲಿಗೆ? ಎಲ್ಲಿಗೆ ಹೋಗ್ಲಿ?" ಎಂದು ವರ್ನನ್ ಕಿರುಚಿದ. "ನಾನೇನೂ ಹೇಳಲ್ಲ ಸಾರ್, ನನ್ನ ಮಾತನ್ನ ಸಾಕ್ಷಿಯಾಗಿ ತಗೋಬೇಡಿ!" ಎಂದು ಗ್ರಾಂಟ್ ಕಿರುಚಿದ. ಕೆಂಪು ಕಾರು ಮೈದಾನದ ನಡುವೆ ಎರಡು ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ಹಸಿರು ಬಾವುಟದವನ ಮುಂದೆ ನಿಂತಿತು.

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. "ಎಪ್ಪತ್ತೊಂದು. ದಾರಿ ತಪ್ಪಿದೆ. ಟೈಮಿಲ್ಲ."

ಎರಡನೆಯ ಸಲವೂ ದಾರಿ ತಪ್ಪಿತು. ಮೂರನೆಯ ಸಲ ಗ್ರಾಂಟ್ ಹೊಟ್ಟೆನೋವೆಂದು ಇಳಿದುಬಿಟ್ಟ. ವರ್ನನ್ ಒಬ್ಬನೇ ಹೋಗಿ ಒಬ್ಬನೇ ದಾರಿ ತಪ್ಪಿದ. ಒಬ್ಬೊಬ್ಬರಿಗೆ ಸಿಗುವುದು ನಾಲ್ಕೇ ಓಟ. ಉಳಿದದ್ದು ಒಂದು, ಅದೂ ಮಧ್ಯಾಹ್ನದ ಕೊನೆಗೆ. ಅದರಲ್ಲೂ ಟೈಮಿಲ್ಲ ಎಂದಾದರೆ ಬೀದಿಯಲ್ಲಿ ನಿಂತು ಆಲಿಕಲ್ಲು ಎನ್ನಬೇಕು. ಕ್ಲೀಟಸ್‌ನ ಟೋಪಿ ಕಣ್ಣ ಮುಂದೆ ಬಂದು ಅವನಿಗೆ ನಿಜವಾಗಿಯೂ ಭಯವಾಯಿತು.

ಆದರೆ ಅಲ್ಲಿ ಓಡಿಸಿದವರು ದುಡಿಯಲೂಬೇಕು. ನಡುವೆ ಬೇರೆಯವರು ಓಡಿಸುವಾಗ ಬಿಸಿಲಲ್ಲಿ ನಿಂತು, ಬಿದ್ದ ಕೋನ್‌ಗಳನ್ನು ಎತ್ತಿ ನಿಲ್ಲಿಸಿ, ಯಾರು ಎಷ್ಟು ಬೀಳಿಸಿದರೆಂದು ಕೂಗಿ ಹೇಳಬೇಕು. ಒಂದೊಂದು ಕೋನಿಗೂ ಅವರ ಟೈಮಿಗೆ ದಂಡ ಸೇರುತ್ತದೆ. ವರ್ನನ್‌ನನ್ನು ಹ್ಯಾಂಗರಿನ ಹಿಂದಿನ ಮೂಲೆಗೆ ಕಳಿಸಿದರು. ಅಲ್ಲಿ ಮೊದಲೇ ಒಬ್ಬಾಕೆ ಕೆಂಪು ಬಾವುಟ ಹಿಡಿದು ನಿಂತಿದ್ದಳು. ಡಾರ್ಲಾ ವೊಬೊರಿಲ್.

"ಬನ್ನಿ ಸ್ವಾಮಿ," ಎಂದಳು ಆಕೆ. "ನನ್ನ ಕಾರು ಅಲ್ಲಿದೆ. ದೀಪ ಹೊಸದು. ಸ್ವಂತ ದುಡ್ಡು. ಬೇಕಾದ್ರೆ ಮೂಸಿ ನೋಡಿ."

"ನಾನು ಕೆಲಸದ ಮೇಲೆ ಬಂದಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಎಷ್ಟು ಸಲ ಬೇಕಾದ್ರೂ ಹೇಳಿ. ಜಿಂಕೆ ಅಂತ ನಾನೂ ಬಹಳ ಸಲ ಹೇಳ್ದೆ."

ವರ್ನನ್ ಕೋನ್‌ಗಳ ಕಡೆಗೆ ತಿರುಗಿದ. ಕೋನ್ ನೋಡುವ ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಕೋನ್‌ನ ಬುಡಕ್ಕೆ ಎಳೆದ ಸೀಮೆಸುಣ್ಣದ ಗೆರೆಯಿಂದ ಕೂದಲೆಳೆಯಷ್ಟು ಸರಿದಿದ್ದರೂ ಕುಕ್ಕರಗಾಲಲ್ಲಿ ಕುಳಿತು ನೋಡಿ, "ಇದು ಗಾಳಿಗೆ ಸರಿದದ್ದಲ್ಲ. ಟೈರಿನ ಕಪ್ಪು ಇದೆ. ದಂಡ!" ಎಂದು ಕೂಗುತ್ತಿದ್ದ. ಕೂಗಿದಷ್ಟೂ ಮೈದಾನದಲ್ಲಿ ಅವನ ಶತ್ರುಗಳು ಹೆಚ್ಚಿದರು. ಡಾರ್ಲಾ ಓರೆಗಣ್ಣಿನಿಂದ ನೋಡುತ್ತಿದ್ದಳು. ಒಂದೆರಡು ಸಲ ಅವಳ ತುಟಿ ನಗುವಿನ ಕಡೆಗೆ ಹೊರಟು ದಾರಿ ತಪ್ಪಿತು.

ಆ ಅಣ್ಣತಮ್ಮಂದಿರಿಬ್ಬರೂ ಅತ್ತೆಯರ ಕಡೆ ಹೋಗಿದ್ದರಿಂದ ಮಧ್ಯಾಹ್ನ ಮೂಲೆ ಕಾಯಲು ಜನ ಸಾಲಲಿಲ್ಲ. ಡಾರ್ಲಾ ಒಬ್ಬಳೇ ಇನ್ನೊಂದು ಪಾಳಿ ಅಲ್ಲೇ ನಿಂತಳು. ವರ್ನನ್ ತನ್ನ ಕೊನೆಯ ಓಟಕ್ಕೆ ಕಾರು ಹತ್ತಿದ.

ಈ ಸಲ ಅದು ಹೇಗೋ ಕೂಡಿಬಂತು. ಮೂಲೆಯಲ್ಲಿ ನಿಂತು ಅಷ್ಟು ಕಾರುಗಳನ್ನು ನೋಡಿದ್ದಕ್ಕೋ ಏನೋ, ಕೋನ್‌ಗಳ ಸಂತೆಯಲ್ಲಿ ಒಂದು ದಾರಿ ಕಾಣತೊಡಗಿತು. ಎಡ, ಬಲ, ಮತ್ತೆ ಎಡ. ಕಾರು ಅವನ ಕೈಯ ಮಾತು ಕೇಳಿತು. ಅದಕ್ಕೆ ಏನೂ ಆಗಿರಲಿಲ್ಲ, ಅದು ಒಳ್ಳೆಯ ಕಾರು, ಬಹಳ ಒಳ್ಳೆಯ ಕಾರು. ಹೆಲ್ಮೆಟ್ಟಿನೊಳಗೆ ವರ್ನನ್ ಸ್ಟ್ರೋಬೆಲ್ ಎಂಟು ವರ್ಷದ ಹುಡುಗನಂತೆ ನಕ್ಕ. ಒಂದೂ ಕೋನ್ ಬೀಳಿಸದೆ ಹ್ಯಾಂಗರು ದಾಟಿ ಹಿಂದಿನ ಮೂಲೆಗೆ ಬಂದ. ಇನ್ನೊಂದೇ ತಿರುವು.

ಹೊಲದ ಕಟಾವು ಯಂತ್ರ ಅದೇ ಹೊತ್ತಿಗೆ ಈ ಬದಿಯ ಕೊನೆಯ ಸಾಲಿಗೆ ಬಂದಿತ್ತು. ಸಾಲಿನೊಳಗಿಂದ ಒಂದು ಜಿಂಕೆ ಹೊರಗೆ ಹಾರಿತು.

ಕೊಂಬಿನ ಗಂಡು ಜಿಂಕೆ. ಅದು ಕೋನ್‌ಗಳ ನಡುವೆ ನಿಂತು, ತಲೆಯೆತ್ತಿ, ವರ್ನನ್‌ನ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡಿತು. ಕ್ಲೇಮು ಹಾಕಿದವರನ್ನು ಅವನು ನೋಡುತ್ತಿದ್ದುದು ಹಾಗೆಯೇ. ವರ್ನನ್ ಬ್ರೇಕನ್ನೂ ಕ್ಲಚ್ಚನ್ನೂ ಬಾಯಿಗೆ ಬಂದ ದೇವರನ್ನೂ ಒಟ್ಟಿಗೆ ಒತ್ತಿದ. ಕಾರು ಬುಗುರಿಯಂತೆ ತಿರುಗಿತು. ಜಿಂಕೆ ಬಲಬಾಗಿಲಿನ ಪಕ್ಕದಲ್ಲೇ ನುಸುಳಿ ಹೊಲಕ್ಕೆ ನೆಗೆಯಿತು. ಕಾರು ಸಾಲುಸಾಲು ಕೋನ್‌ಗಳನ್ನು ಉರುಳಿಸಿ, ಬಲಮಗ್ಗುಲನ್ನು ಜೋಳದ ದಂಟಿಗೆ ಒರಗಿಸಿ ನಿಂತಿತು. ಬಾನೆಟ್ಟಿನ ಮೇಲೆ ಒಂದು ಕೋನ್ ನೆಟ್ಟಗೆ ಕುಳಿತಿತ್ತು.

ಲೆಸ್ಟರ್ ಮುಂದೆ, ಹಿಂದೆ ಇಡೀ ಕ್ಲಬ್ಬು ಓಡಿಬಂತು. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಎಲ್ಲರೂ ಸುತ್ತಲೂ ನಿಂತರು.

"ಏನಾಯ್ತು?" ಎಂದ ಲೆಸ್ಟರ್.

ವರ್ನನ್ ಹೆಲ್ಮೆಟ್ಟು ತೆಗೆದ. "ಜಿಂಕೆ," ಎಂದ.

ಯಾರೂ ನಗಲಿಲ್ಲ. ಅದೇ ಭಯಂಕರವಾಗಿತ್ತು.

"ಜಿಂಕೆನಾ?" ಎಂದ ಲೆಸ್ಟರ್ ನಿಧಾನವಾಗಿ. "ಸರಿ. ಯಾವ ಕಡೆಯಿಂದ ಬಂತು?"

"ಹೊಲದಿಂದ. ಗಂಡು ಜಿಂಕೆ, ಕೊಂಬಿತ್ತು."

"ಎಲ್ಲರಿಗೂ ಗಂಡೇ ಸಿಗುತ್ತೆ," ಎಂದ ಕಂಬಳಿಯವನು. "ನಂಗೂ ಗಂಡೇ ಸಿಕ್ಕಿದ್ದು, ಕಂಪನಿಯವರು ನಂಬಲಿಲ್ಲ."

ಹೊಟ್ಟೆನೋವಿನ ಗ್ರಾಂಟ್ ಎಲ್ಲಿಂದಲೋ ಆ ಚಿಮಟವನ್ನೇ ತಂದು ಲೆಸ್ಟರನ ಕೈಗೆ ಕೊಟ್ಟ. ಲೆಸ್ಟರ್ ಮಂಡಿಯೂರಿ, ಬಂಪರಿನ ಅಂಚು, ದೀಪದ ಸಂದು ಎಲ್ಲವನ್ನೂ ಹುಡುಕಿ, ತಲೆಯೆತ್ತಿ ಕೇಳಿದ. "ಕೂದಲೆಲ್ಲಿ?"

"ತಾಗಲಿಲ್ಲ ಕಣ್ರೀ! ತಪ್ಪಿಸಿದೆ! ತಪ್ಪಿಸಿದ್ದಕ್ಕೇ ಹೀಗಾಗಿದ್ದು! ದಾರಿಗೆ ಏನಾದ್ರೂ ಅಡ್ಡ ಬಂದ್ರೆ ಇನ್ನೊಂದು ಓಟ ಕೊಡಬೇಕು ಅಂತ ನಿಮ್ಮ ನಿಯಮಾನೇ ಇದೆ!"

"ಇದೆ. ಅಡ್ಡ ಬಂದದ್ದನ್ನ ಮೂಲೆಯವರು ನೋಡಿರಬೇಕು ಅಂತಾನೂ ಇದೆ," ಎಂದು ಲೆಸ್ಟರ್ ಎದ್ದು ನಿಂತ. "ಡಾರ್ಲಾ! ಇಲ್ಲಿ ಬಾಮ್ಮ."

ಡಾರ್ಲಾ ಎರಡು ಕಂಕುಳಲ್ಲೂ ಒಂದೊಂದು ಕೋನ್ ಇರುಕಿಕೊಂಡು ನಿಧಾನವಾಗಿ ಬಂದಳು. ಹ್ಯಾಂಗರಿನ ಮರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಜಿಲ್ಲೆಯ ಅಷ್ಟು ಜನರಲ್ಲಿ ವರ್ನನ್‌ನ ಮಾತು ನಿಜವೆಂದು ಗೊತ್ತಿದ್ದವಳು ಈಕೆಯೊಬ್ಬಳೇ.

"ನೀನು ನೋಡಿದ್ಯಾ? ಜಿಂಕೆ ಇತ್ತಾ?"

ಆಕೆ ಕೋನ್‌ಗಳನ್ನು ಕೆಳಗಿಟ್ಟಳು. ವರ್ನನ್‌ನ ಮುಖವನ್ನು ಒಂದು ಗಳಿಗೆ, ಆಮೇಲೆ ಇನ್ನೊಂದು ಗಳಿಗೆ ನೋಡಿದಳು. ಅವನು ಬೆವರಿದ. "ಆ ಮೂರನೇ ಕಾರಿನ ದಂಡ... ಸ್ವಲ್ಪ ಜಾಸ್ತಿ ಆಯ್ತೇನೋ... ಕೋನ್ ಗಾಳಿಗೆ ಸರಿದಿದ್ರೂ ಸರಿದಿರಬಹುದು..." ಎಂದು ಯಾರೂ ಕೇಳದಿದ್ದುದನ್ನೆಲ್ಲ ಒಪ್ಪಿಕೊಳ್ಳತೊಡಗಿದ.

"ಇತ್ತು," ಎಂದಳು ಡಾರ್ಲಾ. "ಬಾವುಟ ಎತ್ತೋಕೂ ಬಿಡಲಿಲ್ಲ. ಈ ಕಡೆಯಿಂದ ಬಂತು, ಆ ಕಡೆಗೆ ಹೋಯ್ತು. ಇವರು ಹೇಳಿದ್ದು ಅಕ್ಷರ ಅಕ್ಷರವೂ ನಿಜ. ಇನ್ನೊಂದು ಓಟ ಕೊಡಿ."

ಆಗ ಗ್ರಾಂಟ್, "ಅಲ್ಲಾ, ಗೂಢಚಾರ ಆಗಿದ್ರೆ ಕಂಪನಿಯವರು ಸ್ವಲ್ಪ ಓಡಿಸೋಕೆ ಬರೋನನ್ನ ಕಳಿಸ್ತಿರ್ಲಿಲ್ವಾ?" ಎಂದ. ಆ ತರ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ನಗು ಎದ್ದಿತು. ಕಂಬಳಿಯವನು ಬಾನೆಟ್ಟಿನ ಮೇಲಿನ ಕೋನನ್ನು ತೆಗೆದು ವರ್ನನ್‌ನ ತಲೆಯ ಮೇಲಿಟ್ಟ.

ಇನ್ನೊಂದು ಓಟ ಸಿಕ್ಕಿತು. ವರ್ನನ್ ಅದನ್ನು ಮದುವೆ ಮನೆಗೆ ಮೊಸರಿನ ಪಾತ್ರೆ ಒಯ್ಯುವವನಂತೆ ಓಡಿಸಿದ. ಒಂದು ಕೋನೂ ಬೀಳಲಿಲ್ಲ, ದಾರಿಯೂ ತಪ್ಪಲಿಲ್ಲ. ಅವತ್ತಿನ ಎಲ್ಲರಿಗಿಂತ ಕೊನೆಯದು, ಆದರೆ ಅದೊಂದು ಟೈಮು. ಧ್ವನಿವರ್ಧಕ ಅದನ್ನು ಓದಿದಾಗ ಚಪ್ಪಾಳೆಯೂ ಬಿತ್ತು.

"ಅದೆಲ್ಲ ಇರ್ಲಿ, ಈ ಕಾರಿಗೆ ಏನಾಗಿದೆ ಅಂತ ಈಗಲಾದ್ರೂ ಹೇಳಿ," ಎಂದು ವರ್ನನ್ ಲೆಸ್ಟರನನ್ನು ಹಿಡಿದುಕೊಂಡ.

"ಕಾರಿಗೆ ಏನಾಗಿರುತ್ತೆ? ಡಾಕ್ಟರು ಇದರಲ್ಲಿ ಪ್ರತಿ ಸಲ ಎಲ್ಲರಿಗಿಂತ ಮುಂದೆ ಬರ್ತಿದ್ರು. ಏನಾದ್ರೂ ಆಗಿದ್ರೆ ಅದು ಓಡಿಸೋನಿಗೆ."

ಸಾಮಾನು ತುಂಬಿಕೊಳ್ಳುವಾಗ ವರ್ನನ್ ಎರಡು ಡೋನಟ್ಟು ಹಿಡಿದು ಡಾರ್ಲಾಳ ಕಾರಿನ ಬಳಿ ಹೋದ. "ನೋಡೀಮ್ಮಾ, ನಾನು ನಿಮ್ಮನ್ನ ನಂಬಲಿಲ್ಲ, ನೀವು ನನ್ನನ್ನ ಬಿಟ್ಟುಕೊಡಲಿಲ್ಲ. ನಾಳೆನೇ ನಿಮ್ಮ ಕ್ಲೇಮು ಮತ್ತೆ ತೆಗೀತೀನಿ. ಆವತ್ತು ಅದು ಜಿಂಕೆನೇ. ಈಗ ನಂಗೆ ಗೊತ್ತಾಯ್ತು."

ಡಾರ್ಲಾ ಡೋನಟ್ಟು ಕಚ್ಚಿ, ಅಗಿದು, ನುಂಗಿ, ಆಚೀಚೆ ನೋಡಿದಳು. "ಬೇಡಿ ಸ್ವಾಮಿ. ನಾನು ಗುದ್ದಿದ್ದು ನಮ್ಮ ಶಾಲೆ ಸೂಪರಿಂಟೆಂಡೆಂಟರ ಮನೆ ಮುಂದೆ ಕಂಬದ ಮೇಲಿರೋ ಅಂಚೆ ಪೆಟ್ಟಿಗೆಗೆ."

"ಮತ್ತೆ ಆ ಶಾಪ?"

"ಸುಳ್ಳು ಹೇಳಿದ ಮೇಲೆ ಸಿಟ್ಟು ಮಾತ್ರ ನಿಜವಾಗಿ ಬರಬಾರದು ಅಂತೇನಿಲ್ವಲ್ಲ," ಎಂದು ಆಕೆ ಕಾರು ಹತ್ತಿ ಹೊರಟುಹೋದಳು.

ತಾನು ಅಂದು ಸರಿಯಾಗಿಯೇ ಹಿಡಿದಿದ್ದೆ ಎಂದು ತಿಳಿದು ವರ್ನನ್‌ಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆ ಮುಟ್ಟುವವರೆಗೂ ಅವನು ನಗುತ್ತಲೇ ಇದ್ದ. ಕೆಂಪು ದೀಪಗಳಲ್ಲೂ ತಲೆ ಓಡಲಿಲ್ಲ.

ಬೇಲಿಯ ಮೇಲೆ ಟೋಪಿ ಕಾಯುತ್ತಿತ್ತು. "ಟೈಮೇನೋ ಇದೆಯಪ್ಪ, ಇಂಟರ್ನೆಟ್ಟಲ್ಲಿ ನೋಡ್ದೆ," ಎಂದು ಕ್ಲೀಟಸ್ ಒಲ್ಲದ ಮನಸ್ಸಿನಿಂದ ಟೋಪಿಗೆ ಕೈ ಹಾಕಿದ. "ಆದ್ರೆ ಅದರ ಪಕ್ಕದಲ್ಲಿ, ಜಿಂಕೆಯ ಕಾರಣ ಮರು ಓಟ, ಅಂತ ಬರ್ದಿದಾರೆ. ಏನದು? ಎಲ್ಲಿ ಆ ಜಿಂಕೆ? ಕೂದಲೆಲ್ಲಿ?"

"ಕೂದಲಾ? ಇಲ್ಲಿದೆ," ಎಂದಳು ಮಾರ್ಲಿಸ್.

ಅವಳು ಕಾರಿನ ಆ ಬದಿಯಲ್ಲಿ ನಿಂತು, ಬಲಬಾಗಿಲಿನ ನೀಲಿ ಟೇಪನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಏಳರ ಬಾಲಕ್ಕೆ, ಅಂಟಿನ ಮೇಲೆ, ಒಂದು ಕಂದು ಕೂದಲು ಅಂಟಿಕೊಂಡಿತ್ತು.

ವರ್ನನ್ ಕುಣಿದುಬಿಟ್ಟ. "ಸಿಕ್ತು! ನೋಡೋ ಕ್ಲೀಟಸ್, ಸಿಕ್ತು! ಮಾರ್ಲಿಸ್, ಹಾಗೇ ಹಿಡ್ಕೋ, ಅಲುಗಾಡಬೇಡ, ಚೀಲ ತರ್ತೀನಿ! ಇದೇ! ಇದೇ ಜಿಂಕೆ ಕೂದಲು!"

"ಎರಡನೇ ಸೀಟಿನ ಬಾಗಿಲಲ್ಲಿ ಕಂದು ಕೂದಲು," ಎಂದಳು ಮಾರ್ಲಿಸ್. ಅವಳ ಧ್ವನಿ ಅವನು ಇಪ್ಪತ್ತಾರು ವರ್ಷದಿಂದ ಸಾಕಿ ಬೆಳೆಸಿದ ಧ್ವನಿಯಾಗಿತ್ತು. "ಜಿಂಕೆದಂತೆ."

"ದೇವರಾಣೆ ಜಿಂಕೆದು! ನಂಬಿಕೆ ಇಲ್ದಿದ್ರೆ ಡಾರ್ಲಾನ ಕೇಳು!"

ಕ್ಲೀಟಸ್ ಟೋಪಿ ತೆಗೆದು, ಎದೆಯ ಮೇಲಿಟ್ಟುಕೊಂಡು, ಮೆಲ್ಲಗೆ ಬೇಲಿಯ ಕೆಳಗೆ ಇಳಿದುಹೋದ.

"ಡಾರ್ಲಾ ಯಾರು?" ಎಂದಳು ಮಾರ್ಲಿಸ್.